ಯಾರ ಪಾಲಿಗೆ ಬಿತ್ತು?

ನಮ್ಮ ಮಾವನಿಗೆ ಇಂಗ್ಲಿಷ್ ಓದಲು ಬರುತ್ತದೆ. ಹಳೇ ಕಾಲದ ಎಸ್‌ಎಸ್‌ಎಲ್‌ಸಿ. ಬ್ಯಾಂಕಿನ ಕಾಗದ, ಔಷಧಿಯ ಡಬ್ಬಿ, ವಿಮೆಯ ನೋಟಿಸು, ಎಲ್ಲವನ್ನೂ ನಿಧಾನವಾಗಿ ಅಕ್ಷರ ಕೂಡಿಸಿ ಓದಿಕೊಳ್ಳುತ್ತಾರೆ. ತಾಲೂಕು ಕಚೇರಿಯಿಂದ ಬಂದ ಪತ್ರವನ್ನೂ ಹಾಗೇ ಓದಿದ್ದರು. ಪತ್ರ ಕನ್ನಡದಲ್ಲೇ ಇತ್ತು. ಒಂದು ಪದ ಮಾತ್ರ ಇಂಗ್ಲಿಷಿನಲ್ಲಿತ್ತು. ನಾನು ಹೋಗುವ ಹೊತ್ತಿಗೆ ಆ ಪದದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. "ಇಲ್ಲಿ ನೋಡಪ್ಪ, ಚೀಟ್ ಅಂತ ಬರೆದಿದ್ದಾರೆ. ನಾವು ಯಾರಿಗೆ ಮೋಸ ಮಾಡಿದ್ವಿ?" ಅಂತ ಕೇಳಿದರು.

ಆ ಪದ ಎಸ್ಚೀಟ್. ಮಾವನ ಚಿಕ್ಕಮ್ಮ ತೀರಿಕೊಂಡಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಗಂಡ ಬಹಳ ಮೊದಲೇ ಹೋಗಿದ್ದರು. ಊರೊಳಗೆ ಒಂದು ಹೆಂಚಿನ ಮನೆ, ಹಿಂದೆ ಹಿತ್ತಲು, ಕೆರೆಯ ಆಚೆ ಒಂದಿಷ್ಟು ಹೊಲ ಅವರ ಹೆಸರಿನಲ್ಲಿತ್ತು. ಮಾವ ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದರು. ಅದಕ್ಕೆ ಬಂದ ಉತ್ತರ ಇದು: ಮೃತರಿಗೆ ವಾರಸುದಾರರು ಇಲ್ಲವೆಂದು ತಿಳಿದುಬಂದಿದೆ, ಸ್ವತ್ತು ಎಸ್ಚೀಟ್ ಆಗುತ್ತದೆಯೇ ಎಂದು ಪರಿಶೀಲಿಸಬೇಕಾಗಿದೆ, ಸಂಬಂಧ ತೋರಿಸುವ ದಾಖಲೆ ಹಾಜರುಪಡಿಸಿ. ನಾನು ಅರ್ಥ ಹೇಳಿದೆ. ಹಕ್ಕುದಾರರು ಯಾರೂ ಇಲ್ಲದ ಆಸ್ತಿ ಸರ್ಕಾರಕ್ಕೆ ಹೋಗುವುದಕ್ಕೆ ಹಾಗೆ ಹೇಳುತ್ತಾರೆ ಅಂದೆ. ಮಾವ ಪತ್ರ ಮಡಚುತ್ತಾ, "ಅದಕ್ಕೆ ಮೋಸದ ಪದಾನೇ ಯಾಕೆ ಬೇಕಿತ್ತು?" ಅಂದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಹೋದರೆ ಸುಮಾರು ಒಂಬತ್ತು ನೂರು ವರ್ಷ ಹಿಂದಕ್ಕೆ ನಡೆಯಬೇಕಾಗುತ್ತದೆ. ದಾರಿಯಲ್ಲಿ ನಮ್ಮದೇ ಒಂದು ಬೈಗುಳವೂ ಸಿಗುತ್ತದೆ. ಬರೆಯಲೇಬೇಕು ಅನ್ನಿಸಿದ್ದು ಆ ಬೈಗುಳದಿಂದ.

ಬೀಳುವ ಮಾತು

ಲ್ಯಾಟಿನ್‌ನಲ್ಲಿ ಕಾದೆರೆ ಅಂದರೆ ಬೀಳುವುದು. ಅದಕ್ಕೆ ಹೊರಗೆ ಎಂಬ ಅರ್ಥದ ಎಕ್ಸ್ ಸೇರಿ ಹಳೇ ಫ್ರೆಂಚ್‌ನಲ್ಲಿ ಒಬ್ಬರ ಪಾಲಿಗೆ ಬಂದು ಬೀಳುವುದು ಎಂಬ ಅರ್ಥದ ಕ್ರಿಯಾಪದವಾಯಿತು. ಹಾಗೆ ಬಿದ್ದದ್ದೇ ಎಸ್ಚೀಟ್. ಚಾನ್ಸ್, ಕೇಸ್, ಆಕ್ಸಿಡೆಂಟ್ ಇವೆಲ್ಲ ಅದೇ ಬೇರಿನವು. ಪ್ಯಾರಾಶೂಟ್‌ನ ಶೂಟ್ ಕೂಡ ಅದೇ. ನಮಗೆ ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ. ನಾವೂ ಪಾಲಿಗೆ ಬಿತ್ತು ಅಂತಲೇ ಹೇಳುತ್ತೇವೆ. ಉಳುವವರಿಲ್ಲದೆ ಬಿಟ್ಟ ನೆಲಕ್ಕೆ ನಮ್ಮಲ್ಲೂ ಬೀಳು ಅಂತಲೇ ಹೆಸರು. ಪಹಣಿ ತೆಗೆಸಿದವರಿಗೆ ಬೆಳೆಯ ಕಲಮಿನಲ್ಲಿ ಆ ಪದ ಕಂಡಿರುತ್ತದೆ.

ಇಂಗ್ಲೆಂಡಿಗೆ ಈ ಪದ ತಂದವರು ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು. 1066ರಲ್ಲಿ ಅವರ ದೊರೆ ವಿಲಿಯಂ ಗೆದ್ದ ಮೇಲೆ ಅಲ್ಲಿನ ನೆಲದ ಲೆಕ್ಕವೇ ಬೇರೆಯಾಯಿತು. ನೆಲವೆಲ್ಲ ಕೊನೆಗೆ ರಾಜನದು. ರಾಜ ದೊಡ್ಡ ಒಡೆಯರಿಗೆ ಕೊಟ್ಟ, ಅವರು ತಮ್ಮ ಕೆಳಗಿನವರಿಗೆ ಕೊಟ್ಟರು, ಅವರು ಇನ್ನೂ ಕೆಳಗಿನವರಿಗೆ. ಯಾರೂ ನೆಲದ ಪೂರ್ತಿ ಯಜಮಾನರಲ್ಲ. ಎಲ್ಲರೂ ಮೇಲಿನವನ ಕೈಯಿಂದ ಹಿಡಿದುಕೊಂಡವರು. ಹಿಡಿದವನು ವಾರಸುದಾರನಿಲ್ಲದೆ ಸತ್ತರೆ ಹಿಡಿತ ಬಿಟ್ಟಿತು, ನೆಲ ಮೇಲಿನವನ ಪಾಲಿಗೆ ಬಿತ್ತು. ಹಿಡಿದವನು ಘೋರ ಅಪರಾಧ ಮಾಡಿ ಶಿಕ್ಷೆಗೆ ಒಳಗಾದರೂ ಅಷ್ಟೇ. ಅವನ ರಕ್ತವೇ ಕೆಟ್ಟಿತು ಅನ್ನುತ್ತಿದ್ದರು. ಕೆಟ್ಟ ರಕ್ತದ ಮೂಲಕ ಆಸ್ತಿ ಮಕ್ಕಳಿಗೆ ಹರಿಯುವುದಿಲ್ಲ. ಒಡೆಯರು ರಾಜನಿಂದ ಬರೆಸಿಕೊಂಡ 1215ರ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾದಲ್ಲೇ ಇದರ ಜಗಳ ಕಾಣುತ್ತದೆ. ಅಪರಾಧಿಯ ಜಮೀನನ್ನು ರಾಜ ಒಂದು ವರ್ಷ ಒಂದು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು, ಆಮೇಲೆ ಅದರ ಒಡೆಯನಿಗೆ ಬಿಡಬೇಕು ಅಂತ ಅಲ್ಲಿ ಬರೆಸಿಕೊಂಡರು. ಒಡೆಯನಿಗೆ, ಗಮನಿಸಿ. ಸತ್ತವನ ಹೆಂಡತಿ ಮಕ್ಕಳಿಗಲ್ಲ.

ಇದರ ಕ್ರೌರ್ಯ ಎಷ್ಟಿತ್ತು ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಆ ಕಾಲದ ಇಂಗ್ಲಿಷ್ ಕೋರ್ಟಿನಲ್ಲಿ ಆರೋಪಿ ತಾನು ತಪ್ಪಿತಸ್ಥ ಅಂತಲೋ ಅಲ್ಲ ಅಂತಲೋ ಹೇಳದ ಹೊರತು ವಿಚಾರಣೆ ನಡೆಯುತ್ತಿರಲಿಲ್ಲ. ವಿಚಾರಣೆ ಇಲ್ಲದಿದ್ದರೆ ಶಿಕ್ಷೆಯ ತೀರ್ಪಿಲ್ಲ. ತೀರ್ಪಿಲ್ಲದಿದ್ದರೆ ಆಸ್ತಿ ಕೈಬಿಡುವುದಿಲ್ಲ. ಹಾಗಾಗಿ ಕೆಲವರು ಬಾಯಿ ಬಿಡದೆ ನಿಂತರು. ಬಾಯಿ ಬಿಡಿಸಲು ಅವರನ್ನು ನೆಲದ ಮೇಲೆ ಮಲಗಿಸಿ, ಎದೆಯ ಮೇಲೆ ಕಲ್ಲು ಕಬ್ಬಿಣ ಹೇರುತ್ತಾ ಹೋಗುತ್ತಿದ್ದರು. ಹಾಗೆ ಜಜ್ಜಿಸಿಕೊಂಡು ಸತ್ತವರಿದ್ದಾರೆ. ಮಕ್ಕಳಿಗೆ ಮನೆ ಉಳಿಯಲಿ ಅಂತ ಮಾತಾಡದೆ ಸತ್ತವರು. ಈ ಹಿಂಸೆ ನಿಂತದ್ದು 1772ರಲ್ಲಿ.

ವಾರಸುದಾರ ಇಲ್ಲ ಅನ್ನುವುದೂ ನಾವು ಅಂದುಕೊಂಡಷ್ಟು ಸರಳವಾಗಿರಲಿಲ್ಲ. ಆಸ್ತಿ ಕೆಳಕ್ಕೆ ಇಳಿಯಬಹುದು, ಮೇಲಕ್ಕೆ ಏರುವಂತಿಲ್ಲ ಎಂಬ ನಿಯಮವಿತ್ತು. ಮಗ ಸತ್ತರೆ ಅವನ ಜಮೀನು ತಂದೆಗೆ ಸೇರುತ್ತಿರಲಿಲ್ಲ. ತಂದೆ ಒಬ್ಬನೇ, ತಾಯಿ ಬೇರೆಯಾದರೆ ಆ ಅಣ್ಣತಮ್ಮಂದಿರ ನಡುವೆಯೂ ಆಸ್ತಿ ಸಾಗುತ್ತಿರಲಿಲ್ಲ. ಬೇರೆ ಯಾರೂ ಇಲ್ಲದಿದ್ದರೆ ಜಮೀನು ಒಡೆಯನಿಗೇ ಹೋಗುತ್ತಿತ್ತು, ಬದುಕಿರುವ ತಂದೆ ನೋಡುತ್ತಾ ನಿಂತಿರಬೇಕಿತ್ತು. ಮದುವೆಯ ಹೊರಗೆ ಹುಟ್ಟಿದವನನ್ನು ಕಾನೂನು ಯಾರ ಮಗನೂ ಅಲ್ಲ ಅನ್ನುತ್ತಿತ್ತು. ಅವನಿಗೆ ಸ್ವಂತ ಮಕ್ಕಳಿಲ್ಲದಿದ್ದರೆ ಲೋಕದಲ್ಲಿ ವಾರಸುದಾರರೇ ಇಲ್ಲ, ಒಡಹುಟ್ಟಿದವರು ಪಕ್ಕದ ಮನೆಯಲ್ಲಿದ್ದರೂ. ತಂದೆಗೂ ಮಲತಾಯಿಯ ಮಕ್ಕಳಿಗೂ ದಾರಿ ಬಿಟ್ಟುಕೊಟ್ಟದ್ದು 1833ರ ಕಾಯಿದೆ. ಅಲ್ಲಿಯವರೆಗೆ ಎಷ್ಟು ನೆಲ ಹೀಗೆ ಬಿತ್ತೋ. ಬಿತ್ತು ಅಂದರೆ ಮಾವಿನ ಹಣ್ಣು ಬಿದ್ದಂತೆ ಕೇಳಿಸುತ್ತದೆ. ಕೋಲು ಹಿಡಿದು ಬಡಿದವರು ಆ ಮಾತಿನಲ್ಲಿ ಕಾಣುವುದೇ ಇಲ್ಲ.

ಕೊನೆಯ ದಿನ ಮುಗಿಸಿದವನು

ಬಡಿದವರಿಗೊಂದು ಹುದ್ದೆಯಿತ್ತು. ಹೆಸರು ಎಸ್ಚೀಟರ್. 13ನೇ ಶತಮಾನದಲ್ಲಿ ರಾಜ ಈ ಅಧಿಕಾರಿಗಳನ್ನು ನೇಮಿಸಿದ. ಮೊದಲು ಟ್ರೆಂಟ್ ನದಿಯ ಉತ್ತರಕ್ಕೊಬ್ಬ, ದಕ್ಷಿಣಕ್ಕೊಬ್ಬ. ಆಮೇಲೆ ಕೌಂಟಿ ಕೌಂಟಿಗೂ, ಅಂದರೆ ಜಿಲ್ಲೆ ಜಿಲ್ಲೆಗೂ ಬಂದರು. ರಾಜನಿಂದ ನೇರವಾಗಿ ನೆಲ ಹಿಡಿದವನು ಸತ್ತ ಸುದ್ದಿ ಬಂದ ಕೂಡಲೇ ಎಸ್ಚೀಟರ್‌ಗೆ ಒಂದು ಆಜ್ಞೆ ಹೋಗುತ್ತಿತ್ತು. ಅದು ಲ್ಯಾಟಿನ್‌ನಲ್ಲಿರುತ್ತಿತ್ತು. ತನ್ನ ಕೊನೆಯ ದಿನವನ್ನು ಮುಗಿಸಿದ್ದಾನೆ ಎಂಬ ಮಾತು ಅದರಲ್ಲಿ ಬರುತ್ತಿತ್ತು. ಆ ಮಾತೇ ಆಜ್ಞೆಯ ಹೆಸರಾಯಿತು. ಸರ್ಕಾರಿ ಕಾಗದವೊಂದಕ್ಕೆ ಇಷ್ಟು ಮೆತ್ತಗಿನ ಹೆಸರು ಇನ್ನೊಂದನ್ನು ನಾನು ಕಂಡಿಲ್ಲ.

ಎಸ್ಚೀಟರ್ ಊರಿಗೆ ಬಂದು ಸ್ಥಳೀಯ ಗಂಡಸರನ್ನು ಸೇರಿಸಿ ಪ್ರಮಾಣ ಮಾಡಿಸುತ್ತಿದ್ದ. ಸಾಮಾನ್ಯವಾಗಿ ಹನ್ನೆರಡು ಜನ, ಕೆಲವೊಮ್ಮೆ ಜಾಸ್ತಿ. ಸತ್ತವನು ಯಾವ್ಯಾವ ನೆಲ ಹಿಡಿದಿದ್ದ? ಯಾರ ಕೈಯಿಂದ ಹಿಡಿದಿದ್ದ? ವರ್ಷಕ್ಕೆ ಏನು ಹುಟ್ಟುವಳಿ? ಯಾವತ್ತು ಸತ್ತ? ವಾರಸುದಾರ ಯಾರು, ವಯಸ್ಸೆಷ್ಟು? ಉತ್ತರಗಳನ್ನು ಚರ್ಮದ ಹಾಳೆಯ ಮೇಲೆ ಬರೆಸಿ, ಕೂತವರ ಮುದ್ರೆ ಹಾಕಿಸಿ ಕಳಿಸುತ್ತಿದ್ದ. ಅಂಥ ಸಾವಿರಾರು ಹಾಳೆಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಇವತ್ತಿಗೂ ಇವೆ. ನಮ್ಮ ಕಡೆಯವರು ಈ ಪ್ರಶ್ನೆಗಳ ಪಟ್ಟಿ ನೋಡಿದರೆ ತಕ್ಷಣ ಗುರುತಿಸುತ್ತಾರೆ. ಇದು ಮಹಜರು.

ವಯಸ್ಸಿನ ಪ್ರಶ್ನೆ ಬಹಳ ಮುಖ್ಯವಾಗಿತ್ತು. ಹುಡುಗನಿಗೆ 21 ತುಂಬುವವರೆಗೆ ಜಮೀನಿನ ಆದಾಯ ರಾಜನ ಕೈಯಲ್ಲಿ. ಹುಡುಗನ ಮದುವೆ ಯಾರೊಂದಿಗೆ ಅನ್ನುವ ಹಕ್ಕನ್ನೂ ರಾಜ ಮಾರಬಹುದಿತ್ತು. ಹಾಗಾಗಿ 21 ಆಯಿತು ಅಂತ ಸಾಬೀತು ಮಾಡಬೇಕಿತ್ತು. ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಊರ ಹಿರಿಯರು ಬಂದು ತಮ್ಮ ನೆನಪಿನಿಂದ ಹೇಳುತ್ತಿದ್ದರು. ಆ ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ ದಿನವೇ ನಾನು ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡೆ ಅಂತ ಒಬ್ಬ. ಅದೇ ವಾರ ನನ್ನ ಮಗಳು ಹುಟ್ಟಿದಳು ಅಂತ ಇನ್ನೊಬ್ಬ. ನನ್ನ ತಂದೆಯನ್ನು ಹೂಳಿದ್ದು ಆವತ್ತೇ, ನನ್ನ ಮನೆ ಸುಟ್ಟಿದ್ದು ಆ ವರ್ಷವೇ. ಒಂದೇ ನಮೂನೆಯ ಕಥೆಗಳು ಬೇರೆ ಬೇರೆ ಊರಿನ ಹಾಳೆಗಳಲ್ಲಿ ಮತ್ತೆ ಮತ್ತೆ ಬರುವುದರಿಂದ ಗುಮಾಸ್ತರು ತಾವೇ ಬರೆದುಕೊಂಡದ್ದೂ ಇರಬೇಕು ಅಂತ ಇತಿಹಾಸಕಾರರು ಅನುಮಾನ ಪಟ್ಟಿದ್ದಾರೆ. ಇರಬಹುದು. ಆದರೆ ಜನ ವರ್ಷಗಳನ್ನು ನೆನಪಿಟ್ಟುಕೊಳ್ಳುವುದು ಹೀಗೇ.

ಯಾಕೆಂದರೆ ಮಾವನ ಚಿಕ್ಕಮ್ಮನ ಮನೆಯ ಜಗಲಿಯ ಮೇಲೆ ನಾನೇ ಅದನ್ನು ನೋಡಿದೆ. ವಂಶವೃಕ್ಷ, ಮರಣ ಪತ್ರ, ಹಳೇ ಕಂದಾಯದ ರಸೀದಿ ಎಲ್ಲ ಕೊಟ್ಟಿದ್ದಾಯಿತು. ಆದರೂ ಮಾವನ ತಂದೆ ಮತ್ತು ಆ ಅಜ್ಜಿಯ ಗಂಡ ಒಡಹುಟ್ಟಿದವರು ಅಂತ ತೋರಿಸುವ ಒಂದು ನೇರ ಕಾಗದ ಇರಲಿಲ್ಲ. ಇಬ್ಬರೂ ಭಾಗವಾಗಿ ತುಂಬಾ ವರ್ಷವಾಗಿತ್ತು. ಸ್ಥಳ ಮಹಜರಿಗೆ ರೆವಿನ್ಯೂ ಇನ್‌ಸ್ಪೆಕ್ಟರ್ ಬಂದರು. ಜೊತೆಗೆ ವಿಲೇಜ್ ಅಕೌಂಟೆಂಟ್. ಬೀದಿಯ ಹಿರಿಯರು ಒಬ್ಬೊಬ್ಬರಾಗಿ ಬಂದು ಜಗಲಿಯ ಅಂಚಿನಲ್ಲಿ ಕೂತರು. ಒಬ್ಬ ತಾತ ಹೇಳಿದರು: "ಕೆರೆ ಕೋಡಿ ಬಿದ್ದ ವರ್ಷ ಅಣ್ಣ ತಮ್ಮ ಭಾಗ ಆದ್ರು ಸ್ವಾಮಿ. ನಡುವೆ ಈ ಗೋಡೆ ಹಾಕೋಕೆ ಮಣ್ಣು ತುಳಿದೋನು ನಾನೇ." ಎದುರು ಮನೆಯ ಅಜ್ಜಿ ಒಳಗಿನಿಂದಲೇ ಕೂಗಿ ಹೇಳಿದರು: "ನನ್ನ ದೊಡ್ಡ ಹುಡುಗಿಗೆ ತೊಟ್ಟಿಲು ಶಾಸ್ತ್ರ ಮಾಡಿದ ವಾರ ಈಯಮ್ಮ ಮದುವೆಯಾಗಿ ಬಂತು. ಹೆಣ್ಣು ತುಂಬಿಸ್ಕೊಳ್ಳೋಕೆ ಇವರ ಭಾವನೇ ಮುಂದೆ ನಿಂತಿದ್ದು." ಆ ಭಾವ ಅಂದರೆ ಮಾವನ ತಂದೆ. ಇನ್ನೊಬ್ಬರು ಬಿತ್ತನೆ ರಾಗಿಯ ಮಾತು ತೆಗೆದರು. ತೀರಿಕೊಂಡ ಅಜ್ಜಿಯ ಮನೆಯಲ್ಲಿ ಮಣ್ಣಿನ ವಾಡೆಯೊಂದಿತ್ತು. ಬಿತ್ತನೆ ಕಾಲದಲ್ಲಿ ಅರ್ಧ ಬೀದಿ ಅಲ್ಲಿಂದಲೇ ರಾಗಿ ತರುತ್ತಿತ್ತು. ಕೊಟ್ಟ ಸೇರಿನ ಲೆಕ್ಕ ಬರೆದುಕೊಳ್ಳುತ್ತಿದ್ದವರು ಮಾವ, ಹುಡುಗರಾಗಿದ್ದಾಗ. "ಸ್ವಂತದೋರು ಅಲ್ಲದಿದ್ರೆ ಲೆಕ್ಕ ಯಾಕೆ ಕೊಡ್ತಿತ್ತು ಆಯಮ್ಮ?" ಅಂತ ಅವರು ಕೇಳಿದರು.

ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಪಂಚರ ಸಹಿ, ಹೆಬ್ಬೆಟ್ಟು ಆಯಿತು. ಕಾನೂನು ಮಾವನ ಪರವಾಗಿಯೇ ಇತ್ತು. ಗಂಡನಿಂದ ಬಂದ ಆಸ್ತಿ, ಹೆಂಡತಿ ಮಕ್ಕಳಿಲ್ಲದೆ ತೀರಿಕೊಂಡರೆ, ಗಂಡನ ವಾರಸುದಾರರಿಗೆ ಹೋಗುತ್ತದೆ. ಅಣ್ಣನ ಮಗ ಆ ಸಾಲಿನಲ್ಲಿದ್ದಾನೆ. ಸ್ವಲ್ಪ ತಡವಾದರೂ ಖಾತೆ ಆಯಿತು. 14ನೇ ಶತಮಾನದ ಇಂಗ್ಲಿಷ್ ರೈತನೊಬ್ಬ ಆ ಜಗಲಿಯ ಮೇಲೆ ಕೂತಿದ್ದರೆ ಭಾಷೆಯೊಂದನ್ನು ಬಿಟ್ಟು ಬೇರೇನೂ ಅವನಿಗೆ ಹೊಸದು ಅನ್ನಿಸುತ್ತಿರಲಿಲ್ಲ.

ಹುದ್ದೆಯೇ ಬೈಗುಳವಾದದ್ದು

ಈಗ ಮಾವನ ಪ್ರಶ್ನೆಗೆ ಬರೋಣ. ಎಸ್ಚೀಟ್ ಮತ್ತು ಚೀಟ್ ಒಂದೇ ಪದ. ಎಸ್ಕ್ವೈರ್ ಎಂಬುದು ಬಾಯಲ್ಲಿ ಸ್ಕ್ವೈರ್ ಆದ ಹಾಗೆ ಎಸ್ಚೀಟ್‌ನ ತಲೆ ಉದುರಿ ಚೀಟ್ ಆಯಿತು. ಎಸ್ಚೀಟರ್ ಚೀಟರ್ ಆದ. ಮೊದಮೊದಲು ಅದರಲ್ಲಿ ಕೆಟ್ಟ ಅರ್ಥ ಇರಲಿಲ್ಲ. ಚೀಟ್ ಅಂದರೆ ರಾಜನಿಗೆ ಬಿದ್ದ ಆಸ್ತಿ, ಅಷ್ಟೇ. ಕೆಟ್ಟ ಅರ್ಥವನ್ನು ಜನ ತುಂಬಿದರು. ಯಾಕೆ ತುಂಬಿದರು ಅನ್ನುವುದಕ್ಕೆ ಕಾಯಿದೆಗಳೇ ಸಾಕ್ಷಿ. 1340ರಲ್ಲಿ ಒಬ್ಬ ಎಸ್ಚೀಟರ್ ಒಂದು ವರ್ಷಕ್ಕಿಂತ ಜಾಸ್ತಿ ಹುದ್ದೆಯಲ್ಲಿರಬಾರದು ಅಂತ ಮಾಡಿದರು. ಸುಮ್ಮನೆ ಯಾರಾದರೂ ಹಾಗೆ ಕಾಯಿದೆ ಮಾಡುತ್ತಾರಾ? ವಾರಸುದಾರ ಇದ್ದರೂ ಇಲ್ಲ ಅಂತ ಬರೆಸುವುದು, ತಮಗೆ ಬೇಕಾದವರನ್ನೇ ಪಂಚರಾಗಿ ಕೂರಿಸುವುದು, ಬೇರೆ ಒಡೆಯನಿಂದ ಹಿಡಿದ ನೆಲವನ್ನು ರಾಜನಿಂದ ಹಿಡಿದದ್ದು ಅಂತ ತೋರಿಸುವುದು, ಇವುಗಳ ದೂರು ನಿಲ್ಲಲೇ ಇಲ್ಲ. ಏಳನೇ ಹೆನ್ರಿಯ ಕಾಲದಲ್ಲಿ ಎಂಪ್ಸನ್ ಮತ್ತು ಡಡ್ಲಿ ಎಂಬ ಇಬ್ಬರು ರಾಜನಿಗಾಗಿ ಹಣ ಹಿಂಡುವುದರಲ್ಲಿ ಹೆಸರಾದರು. ಇಂಥ ಹಳೇ ಹಕ್ಕುಗಳನ್ನು ಕೆದಕುವುದೇ ಅವರ ದಾರಿಯಾಗಿತ್ತು. ಹಳೇ ರಾಜ ಸತ್ತ ಮೇಲೆ ಜನರ ಸಿಟ್ಟು ತಣಿಸಲು ಹೊಸ ರಾಜ ಅವರಿಬ್ಬರನ್ನೂ ಸೆರೆಗೆ ಹಾಕಿದ. 1510ರಲ್ಲಿ ಅವರ ತಲೆ ಹೋಯಿತು.

16ನೇ ಶತಮಾನ ಮುಗಿಯುವ ಹೊತ್ತಿಗೆ ಚೀಟರ್ ಎಂಬ ಪದಕ್ಕೆ ಎರಡೂ ಅರ್ಥ ಒಟ್ಟಿಗೆ ಇದ್ದವು. ಷೇಕ್ಸ್‌ಪಿಯರ್‌ನ ಫಾಲ್‌ಸ್ಟಾಫ್ ಇಬ್ಬರು ಹಣವಂತ ಹೆಂಗಸರ ಬಗ್ಗೆ ಹೇಳುವಾಗ, ಅವರಿಗೆ ನಾನು ಚೀಟರ್, ಅವರು ನನಗೆ ಖಜಾನೆ ಅನ್ನುತ್ತಾನೆ. ಕೇಳುವವರಿಗೆ ರಾಜನ ಅಧಿಕಾರಿಯೂ ಹೊಳೆಯಬೇಕು, ಮೋಸಗಾರನೂ ಹೊಳೆಯಬೇಕು. ಆ ಕಾಲದ ಕಳ್ಳರ ಗುಪ್ತಭಾಷೆಯಲ್ಲೂ ಚೀಟ್ ಎಂಬ ಪದವಿತ್ತು. ಅಲ್ಲಿ ಅದಕ್ಕೆ ವಸ್ತು, ಮಾಲು ಎಂಬ ಅರ್ಥ. ಹಂದಿಗೆ ಗುರುಗುಡುವ ಚೀಟ್ ಅನ್ನುತ್ತಿದ್ದರು. ಕದ್ದ ಮಾಲು, ಬಿದ್ದ ಮಾಲು, ಇವೆರಡೂ ಒಂದೇ ಪದದಲ್ಲಿ ಸೇರಿಕೊಂಡದ್ದು ಸಹಜವೇ ಅನ್ನಿಸುತ್ತದೆ. ಆಮೇಲೆ ಅಧಿಕಾರಿಯೂ ಹೋದ, ಅವನ ಮಹಜರೂ ಹೋಯಿತು. 1660ರಲ್ಲಿ ಹಳೇ ಭೂ ಹಿಡುವಳಿಯ ಪದ್ಧತಿಯನ್ನು ತೆಗೆದುಹಾಕಿದಾಗ ಅದರ ಕೆಲಸ ಮುಗಿಯಿತು. ಬೈಗುಳ ಮಾತ್ರ ಉಳಿಯಿತು. ಈಗ ಅದು ನಮ್ಮ ಸಿನಿಮಾದಲ್ಲಿ, ಬೀದಿಯಲ್ಲಿ, ಎಕ್ಸಾಂ ಹಾಲ್‌ನಲ್ಲಿ ಇದೆ.

ಮಾವನಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. "ಹಂಗಾದ್ರೆ ಮೋಸ ನಮ್ಮ ಕಡೆಯಿಂದ ಅಲ್ಲ" ಅಂದರು. ಹೌದು. ಆ ಪದದೊಳಗಿನ ಮೋಸ ತೆಗೆದುಕೊಂಡವನದು, ಕಳೆದುಕೊಂಡವನದಲ್ಲ.

ನಮ್ಮ ಬಾಯಲ್ಲಿ

ಈ ಮಾತು ಆಡುವಾಗಲೇ ನನಗೆ ನಮ್ಮ ಪದ ಹೊಳೆದದ್ದು. ವಾರಸುದಾರ ಎಂಬುದು ಅರಬ್ಬಿಯ ವಾರಿಸ್‌ನಿಂದ ಬಂದದ್ದು. ಪಾರ್ಸಿಯಲ್ಲಿ ಬೇ ಅಂದರೆ ಇಲ್ಲದ. ಬೇನಾಮಿ, ಬೇಜವಾಬ್ದಾರಿ, ಬೇಕಾರ್ ಇವುಗಳಲ್ಲಿರುವ ಬೇ. ವಾರಸುದಾರರಿಲ್ಲದ ವಸ್ತು ಬೇವಾರಸು. ಬೇವಾರಸು ವಾಹನಗಳ ಹರಾಜು ಅಂತ ಪೊಲೀಸ್ ಪ್ರಕಟಣೆ ಈಗಲೂ ಬರುತ್ತದೆ. ಅದೇ ಪದ ಬೀದಿಗೆ ಇಳಿದು ಬೇವರ್ಸಿ ಆಯಿತು. ಬೇವರ್ಸಿ ನನ್ಮಗ. ಎಷ್ಟು ಸಲ ಕೇಳಿಲ್ಲ ನಾವು? ಸ್ಕೂಲಿನ ಮೈದಾನದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಜಮೀನಿನ ಬದುವಿನ ಜಗಳದಲ್ಲಿ. ಹೇಳುವವರಿಗೆ ಅದು ಕಂದಾಯ ದಾಖಲೆಯ ಪದ ಅಂತ ಗೊತ್ತಿರುವುದಿಲ್ಲ. ಕೆಲಸಕ್ಕೆ ಬಾರದವನು, ಹೇಳೋರು ಕೇಳೋರು ಇಲ್ಲದವನು ಅಂತ ಅವರ ಮನಸ್ಸಿನಲ್ಲಿರುವುದು.

ಇಲ್ಲಿ ನನಗೆ ಬೇಜಾರಾಗುತ್ತದೆ. ಎರಡು ನಾಡಿನಲ್ಲೂ ಒಂದೇ ಸಂಗತಿ ಆಗಿದೆ. ಹಿಂದೆ ಮುಂದೆ ಯಾರೂ ಇಲ್ಲದೆ ಒಬ್ಬರು ಸಾಯುತ್ತಾರೆ, ಮೇಲಿನವರು ಬಂದು ಆಸ್ತಿ ತೆಗೆದುಕೊಳ್ಳುತ್ತಾರೆ. ಎರಡೂ ಕಡೆ ಅದರಿಂದ ಒಂದು ಬೈಗುಳ ಹುಟ್ಟಿದೆ. ಇಂಗ್ಲಿಷಿನಲ್ಲಿ ಬೈಗುಳ ತೆಗೆದುಕೊಂಡ ಅಧಿಕಾರಿಯ ಮೈಗೆ ಅಂಟಿತು. ನಮ್ಮಲ್ಲಿ ಯಾರೂ ಇಲ್ಲದವರ ಮೈಗೇ ಅಂಟಿತು. ಆ ಅಜ್ಜಿಯ ಮನೆ ಬೀಗ ಹಾಕಿದ್ದಾಗ ಹಾದಿಯಲ್ಲಿ ಹೋಗುವವರು ಅದನ್ನು ಬೇವರ್ಸಿ ಮನೆ ಅಂದದ್ದನ್ನು ನಾನು ಕೇಳಿದ್ದೇನೆ. ಅರ್ಧ ಬೀದಿಯ ಹೊಲಕ್ಕೆ ಬೀಜ ಕೊಟ್ಟ ಮನೆ ಅದು. ಮಕ್ಕಳಿಲ್ಲದ ಹೆಂಗಸಿಗೆ ನಮ್ಮ ಊರುಗಳಲ್ಲಿ ಬದುಕಿದ್ದಾಗಲೂ ಮಾತು ತಪ್ಪುವುದಿಲ್ಲ. ಸತ್ತ ಮೇಲೆ ಕಾಗದದ ಭಾಷೆಯೂ ಅದಕ್ಕೆ ಕೈ ಸೇರಿಸುತ್ತದೆ.

ನಾನಂತೂ ಆ ಪದವನ್ನು ಬಳಸುವುದನ್ನು ಬಿಟ್ಟಿದ್ದೇನೆ. ಜಗಳದ ಸಿಟ್ಟಿನಲ್ಲಿ ಬಂದರೂ ನುಂಗಿಕೊಳ್ಳುತ್ತೇನೆ. ಮನೆಯಲ್ಲಿ ಮಕ್ಕಳು ಎಲ್ಲಿಂದಲೋ ಕಲಿತು ಹೇಳಿದರೆ ಕೂರಿಸಿಕೊಂಡು ಅದರ ಅರ್ಥ ಹೇಳುತ್ತೇನೆ.

ದತ್ತು ಮತ್ತು ಕಿತ್ತೂರು

ವಾರಸುದಾರರಿಲ್ಲ ಎಂಬ ಮಾತು ನಮ್ಮ ಚರಿತ್ರೆಯಲ್ಲಿ ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಿಲ್ಲ. 1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ತೀರಿಕೊಂಡ. ಅವನು ದತ್ತು ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಹಾಕಿಸಿದ. ಆಮೇಲೆ ಆದದ್ದು ಗೊತ್ತೇ ಇದೆ. ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಮುಂದೆ ಸತ್ತ. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ಡಾಲ್‌ಹೌಸಿಯ ನೀತಿಯನ್ನು ಪಾಠದಲ್ಲಿ ಓದುತ್ತೇವಲ್ಲ, ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಚೆನ್ನಮ್ಮ ಅದಕ್ಕಿಂತ ಇಪ್ಪತ್ತನಾಲ್ಕು ವರ್ಷ ಮೊದಲೇ ಆ ಜಗಳ ಮಾಡಿ ಆಗಿತ್ತು. 1858ರಲ್ಲಿ ನರಗುಂದದ ಬಾಬಾಸಾಹೇಬ ಎದ್ದು ನಿಂತದ್ದರ ಹಿಂದೆಯೂ ದತ್ತು ತೆಗೆದುಕೊಳ್ಳಲು ಅನುಮತಿ ಸಿಗದ ನೋವು ಇತ್ತು.

ಡಾಲ್‌ಹೌಸಿ ಬಳಸಿದ ಪದ ಲ್ಯಾಪ್ಸ್. ಅದೂ ಲ್ಯಾಟಿನ್. ಅದರ ಅರ್ಥವೂ ಜಾರುವುದು, ಬೀಳುವುದು. ರಾಜ್ಯ ತಾನಾಗಿ ಜಾರಿ ಕಂಪನಿಯ ಮಡಿಲಿಗೆ ಬಿತ್ತು ಎಂಬ ದನಿ ಅದರಲ್ಲಿದೆ. ಆದರೆ ಕಿತ್ತೂರಿನಲ್ಲಿ ವಾರಸುದಾರನಿದ್ದ. ಅವನು ವಾರಸುದಾರನಲ್ಲ ಅಂತ ತೀರ್ಮಾನ ಮಾಡಿದವರು, ಆ ತೀರ್ಮಾನದಿಂದ ಲಾಭ ಪಡೆಯುವವರೇ ಆಗಿದ್ದರು. ಎಸ್ಚೀಟರ್‌ಗಳ ಮೇಲೆ ಇಂಗ್ಲೆಂಡಿನ ಜನ ಹೇಳುತ್ತಿದ್ದ ದೂರೂ ಇದೇ ಆಗಿತ್ತು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದಲ್ಲೂ ಎರಡೂ ಪದಗಳಿವೆ. 296ನೇ ಅನುಚ್ಛೇದದ ಇಂಗ್ಲಿಷ್ ಪಠ್ಯದಲ್ಲಿ ಎಸ್ಚೀಟ್ ಮತ್ತು ಲ್ಯಾಪ್ಸ್ ಅಕ್ಕಪಕ್ಕ ಕೂತಿವೆ. ಹಕ್ಕಿನ ಮಾಲೀಕರಿಲ್ಲದ ಆಸ್ತಿ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯಕ್ಕೆ ಹೋಗುತ್ತದೆ ಅಂತ ಅದು ಹೇಳುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 29ನೇ ಕಲಂ ಇನ್ನೊಂದು ಮಾತು ಸೇರಿಸುತ್ತದೆ. ಸರ್ಕಾರ ಆಸ್ತಿ ತೆಗೆದುಕೊಂಡರೆ ಅದರ ಮೇಲಿನ ಸಾಲ, ಹೊಣೆ ಎಲ್ಲವನ್ನೂ ಹೊರಬೇಕು, ವಾರಸುದಾರ ಹೊರುತ್ತಿದ್ದ ಹಾಗೆಯೇ. ಇದು ನ್ಯಾಯವಾದ ಮಾತು.

ಇದಕ್ಕಿಂತ ದೊಡ್ಡ ಸಮಾಧಾನ ನನಗೆ ಸಿಕ್ಕಿದ್ದು ಬಿಹಾರದ ಬೆತಿಯಾ ಸಂಸ್ಥಾನದ ಕೇಸಿನಲ್ಲಿ. ಅಲ್ಲಿನ ಕೊನೆಯ ಮಹಾರಾಜ 1893ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಕೊನೆಯ ಮಹಾರಾಣಿ 1954ರಲ್ಲಿ ಹೋದರು. ನಾವು ಸಂಬಂಧಿಕರು ಅಂತ ಬೇರೆ ಬೇರೆ ಮನೆತನದವರು ಬಂದರು. ಯಾರೂ ಇಲ್ಲ, ಆಸ್ತಿ ನಮ್ಮದು ಅಂತ ಬಿಹಾರ ಸರ್ಕಾರ ಹೇಳಿತು. 1983ರಲ್ಲಿ ಸುಪ್ರೀಂ ಕೋರ್ಟ್ ಹಕ್ಕು ಕೇಳಿಬಂದವರ ವಂಶಾವಳಿ ಸಾಬೀತಾಗಿಲ್ಲ ಅಂದಿತು. ಅಷ್ಟಕ್ಕೇ ಆಸ್ತಿ ಸರ್ಕಾರದ್ದಾಗಿಬಿಡುವುದಿಲ್ಲ ಅಂತಲೂ ಹೇಳಿತು. ವಾರಸುದಾರರು ಇಲ್ಲ ಅನ್ನುವುದನ್ನು ತೋರಿಸುವ ಭಾರ ಹಾಗೆ ಹೇಳುವವರ ಮೇಲೆಯೇ ಇದೆ, ಆ ಭಾರ ಹಗುರವಾದದ್ದಲ್ಲ. ತಾಲೂಕು ಕಚೇರಿಯ ಪತ್ರ ಹಿಡಿದು ಗಾಬರಿಯಾಗುವ ಪ್ರತಿಯೊಬ್ಬರಿಗೂ ಈ ಮಾತು ತಿಳಿದಿರಬೇಕು.

ಅಮೆರಿಕದಲ್ಲಿರುವ, ಇದ್ದು ಬಂದ ಕನ್ನಡಿಗರಿಗೆ ಈ ಪದ ಬೇರೆ ರೂಪದಲ್ಲಿ ಪರಿಚಯ. ಅಲ್ಲಿ ಬ್ಯಾಂಕ್ ಖಾತೆಯನ್ನೋ ಷೇರನ್ನೋ ಕೆಲವು ವರ್ಷ ಮುಟ್ಟದೆ, ವಿಳಾಸಕ್ಕೆ ಕಳಿಸಿದ ಪತ್ರ ವಾಪಸ್ ಬಂದರೆ, ಕಂಪನಿ ಅದನ್ನು ರಾಜ್ಯ ಸರ್ಕಾರಕ್ಕೆ ಒಪ್ಪಿಸುತ್ತದೆ. ಇದನ್ನೂ ಎಸ್ಚೀಟ್ ಅಂತಲೇ ಹೇಳುತ್ತಾರೆ. ಮೊದಲ ಹಕ್ಕು ಕೊನೆಯ ವಿಳಾಸವಿದ್ದ ರಾಜ್ಯಕ್ಕೆ, ವಿಳಾಸವೇ ಇಲ್ಲದಿದ್ದರೆ ಕಂಪನಿ ನೋಂದಣಿಯಾದ ರಾಜ್ಯಕ್ಕೆ ಅಂತ 1965ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಊರಿಗೆ ವಾಪಸಾಗುವವರು ಹಳೇ ಖಾತೆಗಳಿಗೆ ಆಗಾಗ ಲಾಗಿನ್ ಆಗಿ ವಿಳಾಸ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಬಹುಪಾಲು ಅಲ್ಲಿ ಮಾಲೀಕ ಬಂದು ಕೇಳಿದರೆ ಹಣ ವಾಪಸ್ ಸಿಗುತ್ತದೆ. ಇಂಗ್ಲೆಂಡಿನಲ್ಲಿ 1870ರಲ್ಲಿ ಅಪರಾಧಕ್ಕಾಗಿ ಆಸ್ತಿ ಬೀಳುವುದು ನಿಂತಿತು. 1925ರ ಕಾಯಿದೆ ವಾರಸುದಾರರಿಲ್ಲದ ಆಸ್ತಿಗೆ ಬೇರೆ ನಿಯಮ ಮಾಡಿತು. ಈಚೆಗೆ ಬಹಳ ವರ್ಷ ಅಲ್ಲಿ ಅಂಥ ಆಸ್ತಿಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿ, ಸಂಬಂಧಿಕರಿದ್ದರೆ ಬನ್ನಿ ಅನ್ನುತ್ತಿತ್ತು.

ರಾಜಗಾಮಿ

ಕಾನೂನಿನ ಕನ್ನಡದಲ್ಲಿ ಎಸ್ಚೀಟ್‌ಗೆ ರಾಜಗಾಮಿ ಅಂತ ಬರೆಯುವುದುಂಟು. ರಾಜನ ಕಡೆಗೆ ಹೋಗುವಂಥದ್ದು. ಬೇವಾರಸಿಗಿಂತ ನನಗೆ ಇದು ಎಷ್ಟೋ ವಾಸಿ ಅನ್ನಿಸುತ್ತದೆ. ಸತ್ತವರ ಮೇಲೆ ಇದರಲ್ಲಿ ಯಾವ ಮಾತೂ ಇಲ್ಲ. ಎಲ್ಲಿಗೆ ಹೋಗುತ್ತಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ.

ಈ ಪದ ಕಾಳಿದಾಸನ ಶಾಕುಂತಲದಲ್ಲೂ ಬರುತ್ತದೆ. ಆರನೇ ಅಂಕದಲ್ಲಿ ಮಂತ್ರಿ ಒಂದು ಕಡತ ಕಳಿಸುತ್ತಾನೆ. ಧನಮಿತ್ರ ಎಂಬ ಹಡಗಿನ ವ್ಯಾಪಾರಿ ಸಮುದ್ರದಲ್ಲಿ ಸತ್ತಿದ್ದಾನೆ, ಪಾಪ, ಮಕ್ಕಳಿಲ್ಲ, ಅವನ ಸಂಪತ್ತು ರಾಜಗಾಮಿ. ಮಂತ್ರಿಯ ಲೆಕ್ಕ ಸರಿಯಾಗಿಯೇ ಇದೆ. ದುಷ್ಯಂತ ಸಹಿ ಹಾಕಿ ಕಳಿಸಬಹುದಿತ್ತು. ಅವನು ಕೇಳುತ್ತಾನೆ: ಅವನು ಹಣವಂತ, ಹಾಗಾಗಿ ಹೆಂಡತಿಯರು ಒಬ್ಬರಿಗಿಂತ ಹೆಚ್ಚಿರಬೇಕು, ಅವರಲ್ಲಿ ಯಾರಾದರೂ ಬಸುರಿ ಇದ್ದಾರೆಯೇ ವಿಚಾರಿಸಿ. ಒಬ್ಬಳಿಗೆ ಈಚೆಗಷ್ಟೇ ಪುಂಸವನ ಎಂಬ ಬಸುರಿಯ ಶಾಸ್ತ್ರ ಆಗಿದೆ ಅಂತ ಉತ್ತರ ಬರುತ್ತದೆ. ಹಾಗಾದರೆ ಗರ್ಭದಲ್ಲಿರುವ ಮಗುವಿಗೇ ತಂದೆಯ ಆಸ್ತಿ ಸೇರಬೇಕು ಅನ್ನುತ್ತಾನೆ. ನಾನು ಓದಿದ್ದ ಆ ನಾಟಕದಲ್ಲಿ ಉಂಗುರ, ಶಾಪ, ವಿರಹ ಎಲ್ಲ ನೆನಪಿದ್ದವು. ಈ ಮಹಜರು ನೆನಪಿರಲಿಲ್ಲ. ಈಗ ನನಗೆ ಇಡೀ ನಾಟಕದಲ್ಲಿ ಇಷ್ಟವಾದ ಜಾಗ ಅದೇ. ವಾರಸುದಾರರು ಇಲ್ಲ ಅಂತ ಕಡತ ಹೇಳಿದರೂ ಇನ್ನೊಂದು ಸಲ ಹುಡುಕಿ ಅನ್ನುವ ರಾಜ.

ಶಾಸ್ತ್ರಗಳು ಎಲ್ಲರಿಗೂ ಒಂದೇ ನ್ಯಾಯ ಹೇಳಲಿಲ್ಲ. ವಾರಸುದಾರರಿಲ್ಲದ ಬ್ರಾಹ್ಮಣನ ಆಸ್ತಿಯನ್ನು ರಾಜ ಮುಟ್ಟಬಾರದು, ಉಳಿದವರದನ್ನು ತೆಗೆದುಕೊಳ್ಳಬಹುದು ಅಂತ ಮನುಸ್ಮೃತಿ ಹೇಳುತ್ತದೆ. ಆ ಭೇದವನ್ನು ನಾನು ಒಪ್ಪುವುದಿಲ್ಲ. 1860ರ ಸುಮಾರಿಗೆ ಮಚಲೀಪಟ್ಟಣದ ಕಲೆಕ್ಟರ್ ನಡೆಸಿದ ಕೇಸಿನಲ್ಲಿ ಆಗ ನಮಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ವಿನಾಯಿತಿಯನ್ನು ತೆಗೆದುಹಾಕಿತು. ಬ್ರಾಹ್ಮಣನದಾದರೂ ಸರಿ, ಆಸ್ತಿ ಸರ್ಕಾರಕ್ಕೇ ಅಂದಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಶ್ರೋತ್ರಿಯರಿಗೆ, ಅಂದರೆ ವೇದ ಓದಿದ ಬ್ರಾಹ್ಮಣರಿಗೆ, ಅದೇ ವಿನಾಯಿತಿ ಇದೆ. ಆದರೆ ಅಲ್ಲಿ ಇನ್ನೊಂದು ಮಾತೂ ಇದೆ. ರಾಜ ತೆಗೆದುಕೊಳ್ಳುವಾಗ ಹೆಂಡತಿಯ ಜೀವನಕ್ಕೆ, ಸತ್ತವನ ಕ್ರಿಯೆಗೆ ಬೇಕಾದಷ್ಟನ್ನು ಬಿಟ್ಟು ತೆಗೆದುಕೊಳ್ಳಬೇಕು. ಗುಜರಾತಿನ ಚಾಲುಕ್ಯ ದೊರೆ ಕುಮಾರಪಾಲ 12ನೇ ಶತಮಾನದಲ್ಲಿ, ಮಕ್ಕಳಿಲ್ಲದೆ ಸತ್ತವರ ಆಸ್ತಿಯನ್ನು ಅರಮನೆ ತೆಗೆದುಕೊಳ್ಳುವ ಪದ್ಧತಿಯನ್ನೇ ನಿಲ್ಲಿಸಿದ.

ಅದೇ ಶತಮಾನದ ಒಂದು ಶಾಸನ ನಮ್ಮ ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿದೆ. ಊರಿನಲ್ಲಿ ಯಾರಾದರೂ ಗಂಡು ಮಕ್ಕಳಿಲ್ಲದೆ ಸತ್ತರೆ ಆಸ್ತಿ ಯಾರಿಗೆ ಅಂತ ಅದರಲ್ಲಿ ಒಂದು ಪಟ್ಟಿ ಕೊಟ್ಟಿದೆ. ಮೊದಲು ಹೆಂಡತಿ. ಆಮೇಲೆ ಹೆಣ್ಣುಮಕ್ಕಳು. ಆಮೇಲೆ ಬೇರೆಯಾಗಿರುವ ತಂದೆ ತಾಯಿ, ಅಣ್ಣತಮ್ಮಂದಿರು, ಅವರ ಮಕ್ಕಳು, ಉಳಿದ ನೆಂಟರು, ಒಂದೇ ಗೋತ್ರದವರು. ಇವರಲ್ಲಿ ಒಬ್ಬರೂ ಇಲ್ಲದಿದ್ದರೆ ಊರಿನ ಆಡಳಿತ ನೋಡುವವರು ಆ ಆಸ್ತಿಯನ್ನು ಧರ್ಮಕ್ಕೆ ಅಂತ ತೆಗೆದುಕೊಳ್ಳಬೇಕು. ಮಗನ ಜಮೀನು ತಂದೆಗೆ ಸೇರಲು ಇಂಗ್ಲೆಂಡಿನಲ್ಲಿ 1833ರವರೆಗೆ ಕಾಯಬೇಕಾಯಿತು. ಮನಗೂಳಿಯ ಕಲ್ಲಿನಲ್ಲಿ ತಂದೆ ತಾಯಿ ಇಬ್ಬರೂ ಇದ್ದಾರೆ, ಅವರಿಗಿಂತ ಮೊದಲು ಹೆಂಡತಿ ಇದ್ದಾಳೆ, ಹೆಣ್ಣುಮಕ್ಕಳಿದ್ದಾರೆ. ಅಣ್ಣನ ಮಗನಿಗೂ ಅದರಲ್ಲಿ ಜಾಗವಿದೆ.